ಹತ್ತು ಗಂಟೆಯ ವಿಮಾನ, ಐದೂವರೆ ಕಿಲೋ ನಾಯಿ: ಒಂದಕ್ಕೆ ಎರಡಕ್ಕೆ ಏನು ವ್ಯವಸ್ಥೆ?

ಪುಟ್ಟಿಯನ್ನು ಮೈಸೂರಿನಿಂದ ಜರ್ಮನಿಯ ಮ್ಯೂನಿಕ್‌ಗೆ ಕರೆದುಕೊಂಡು ಬಂದೆವು ಅಂದ ಕೂಡಲೇ ಜನ ಕೇಳುವುದು ದುಡ್ಡೆಷ್ಟಾಯ್ತು ಅಂತಲ್ಲ, ಕಾಗದಪತ್ರ ಏನು ಬೇಕು ಅಂತಲೂ ಅಲ್ಲ. ಸ್ವಲ್ಪ ದನಿ ತಗ್ಗಿಸಿ, "ಅಲ್ಲಾ, ಅಷ್ಟು ಹೊತ್ತು ಅದು ಒಂದಕ್ಕೆ ಎರಡಕ್ಕೆ ಏನು ಮಾಡ್ತು?" ಅಂತಾರೆ. ಪ್ರತಿ ಸಲ ಫೋನಿನಲ್ಲಿ ಅರ್ಧ ಗಂಟೆ ಹೇಳುವ ಬದಲು ಇಲ್ಲಿ ಬರೆದಿಡುತ್ತಿದ್ದೇನೆ.

ಪುಟ್ಟಿ ಇಂಡಿಯನ್ ಸ್ಪಿಟ್ಜ್. ನಮ್ಮ ಬೀದಿಯವರೆಲ್ಲ ಪೊಮೇರಿಯನ್ ಅಂತಲೇ ಕರೆಯುತ್ತಿದ್ದರು, ನಾವೂ ತಿದ್ದಲು ಹೋಗಲಿಲ್ಲ. ತೂಕ ಐದೂವರೆ ಕಿಲೋ. ಲುಫ್ತಾನ್ಸ ಥರದ ಏರ್‌ಲೈನ್‌ಗಳಲ್ಲಿ ನಾಯಿ ಮತ್ತು ಬ್ಯಾಗು ಎರಡೂ ಸೇರಿ 8 ಕಿಲೋ ಒಳಗಿದ್ದರೆ ನಮ್ಮ ಜೊತೆ ಕ್ಯಾಬಿನ್‌ಗೆ ಬಿಡುತ್ತಾರೆ. ಬ್ಯಾಗು 55 x 40 x 23 ಸೆಂಟಿಮೀಟರ್ ಒಳಗಿರಬೇಕು, ಮುಂದಿನ ಸೀಟಿನ ಕೆಳಗೆ ಹಿಡಿಸಬೇಕು. ಎಮಿರೇಟ್ಸ್‌ನಲ್ಲಿ ನಾಯಿಯನ್ನು ಕ್ಯಾಬಿನ್‌ಗೆ ಬಿಡುವುದಿಲ್ಲ, ಹಾಗಾಗಿ ದುಬೈಯಲ್ಲಿ ಇಳಿದು ಸುಧಾರಿಸಿಕೊಂಡು ಹೋಗೋಣ ಅನ್ನುವ ಪ್ಲಾನು ಅಲ್ಲಿ ನಡೆಯುವುದಿಲ್ಲ. ನಿಯಮಗಳು ಬದಲಾಗುತ್ತಿರುತ್ತವೆ, ಟಿಕೆಟ್ ತೆಗೆಯುವ ಮುಂಚೆ ಏರ್‌ಲೈನ್‌ಗೆ ಫೋನ್ ಮಾಡಿ ಕೇಳಿಬಿಡಿ.

ಎಲ್ಲರೂ ನಾಯಿಗೆ ತಡೆದುಕೊಳ್ಳುವುದನ್ನು ಕಲಿಸಬೇಕು ಅಂದುಕೊಂಡಿರುತ್ತಾರೆ. ಅದು ಅದಕ್ಕೆ ಆಗಲೇ ಬರುತ್ತದೆ, ನಮಗಿಂತ ಚೆನ್ನಾಗಿ ಬರುತ್ತದೆ. ಮನೆಯೊಳಗೆ ಗಲೀಜು ಮಾಡಬಾರದು ಅಂತ ಕಲಿತ ನಾಯಿಗೆ ವಿಮಾನವೂ ಒಂದು ಮನೆಯೇ. ಹೊಟ್ಟೆ ಬಿರಿಯುವಷ್ಟು ಬಂದಿದ್ದರೂ ಸುಮ್ನೆ ಕೂತಿರುತ್ತದೆ. ಗೋಡೆಗಳ ನಡುವೆ, ಗೊತ್ತಿಲ್ಲದ ಜಾಗದಲ್ಲಿ, ನೀವು ಹೇಳಿದಾಗ ಧೈರ್ಯವಾಗಿ ಹೋಗುವುದನ್ನು ಅದಕ್ಕೆ ಕಲಿಸಬೇಕು. ಈ ಕೆಲಸ ಊರಿನಲ್ಲೇ ಆಗಬೇಕು. ವಿಮಾನ ಹತ್ತಿದ ಮೇಲೆ ಕಲಿಸಲು ಏನೂ ಉಳಿದಿರುವುದಿಲ್ಲ.

ಎಷ್ಟು ಹೊತ್ತಿನ ಲೆಕ್ಕ

ಟಿಕೆಟ್ಟಿನಲ್ಲಿರುವ ಗಂಟೆಯನ್ನು ನಂಬಬೇಡಿ. ಬೆಂಗಳೂರಿನಿಂದ ಮ್ಯೂನಿಕ್‌ಗೋ ಫ್ರಾಂಕ್‌ಫರ್ಟ್‌ಗೋ ನೇರ ವಿಮಾನ ಸುಮಾರು ಹತ್ತು ಗಂಟೆ. ಆದರೆ ನಾಯಿಯ ಲೆಕ್ಕ ಶುರುವಾಗುವುದು ದೇವನಹಳ್ಳಿಯಲ್ಲಿ ಟರ್ಮಿನಲ್ಲಿನ ಹೊರಗೆ ಅದು ಕೊನೆಯ ಸಲ ಹುಲ್ಲು ಮೂಸಿದಾಗ. ಗೇಟಿನೊಳಗೆ ಹೋದ ಮೇಲೆ "ಒಂದು ನಿಮಿಷ, ನಾಯಿಗೆ ಅರ್ಜೆಂಟು" ಅಂತ ಹೊರಗೆ ಬರುವುದು ದೊಡ್ಡ ರಗಳೆ. ಕೌಂಟರಿನಲ್ಲಿ ಕಾಗದ ನೋಡುತ್ತಾರೆ, ತೂಕ ಹಾಕುತ್ತಾರೆ. ಸೆಕ್ಯುರಿಟಿಯಲ್ಲಿ ಬ್ಯಾಗು ಮಾತ್ರ ಎಕ್ಸ್‌ರೇ ಒಳಗೆ ಹೋಗುತ್ತದೆ, ನಾಯಿಯನ್ನು ಎತ್ತಿಕೊಂಡು ನೀವು ನಡೆಯಬೇಕು. ಇದಕ್ಕೇ ಮೂರು ಗಂಟೆ ಹೋಯ್ತು. ಆ ಕಡೆ ಇಳಿದ ಮೇಲೆ ಇಮಿಗ್ರೇಷನ್, ಲಗೇಜು, ಕಸ್ಟಮ್ಸ್ ಸೇರಿ ಇನ್ನೊಂದು ಗಂಟೆ. ಒಟ್ಟು 14ರಿಂದ 15 ಗಂಟೆ ಅಂತ ಇಟ್ಟುಕೊಳ್ಳಿ.

ಆರೋಗ್ಯವಾಗಿರುವ ಬೆಳೆದ ನಾಯಿ ರಾತ್ರಿ ಮಲಗಿದರೆ ಎಂಟು ಹತ್ತು ಗಂಟೆ ಆರಾಮಾಗಿ ಇರುತ್ತದೆ. ನಿದ್ದೆಯಲ್ಲಿ ಮೂತ್ರ ಆಗುವುದೇ ಕಡಿಮೆ. ಯುರೋಪಿಗೆ ಹೋಗುವ ವಿಮಾನಗಳು ಹೆಚ್ಚಾಗಿ ಮಧ್ಯರಾತ್ರಿ ಕಳೆದ ಮೇಲೆ ಹೊರಡುವುದರಿಂದ ನಾಯಿಗೂ ನಿದ್ದೆಯ ಹೊತ್ತು. ಅದು ನಮ್ಮ ಪುಣ್ಯ. ಆದರೂ ಹದಿನೈದು ಗಂಟೆಯಲ್ಲಿ ನಾಲ್ಕೈದು ಗಂಟೆ ಹೆಚ್ಚಿಗೆ ಬೀಳುತ್ತದೆ. ನಡುವೆ ಒಂದು ಸಲ ಹೋಗಿಬಿಟ್ಟರೆ ಲೆಕ್ಕ ಸರಿಹೋಯ್ತು.

ಮರಿಗಳ ಚಿಂತೆ ನಿಮಗೆ ಬರುವುದಿಲ್ಲ. ಯುರೋಪಿನ ನಿಯಮದ ಪ್ರಕಾರ ಗುರುತಿಗೆ ಚರ್ಮದಡಿ ಮೈಕ್ರೋಚಿಪ್ ಹಾಕಿಸಿ, 12 ವಾರ ತುಂಬಿದ ಮೇಲೆ ರೇಬಿಸ್ ಚುಚ್ಚುಮದ್ದು ಕೊಡಿಸಿ, 30 ದಿನ ಬಿಟ್ಟು, ಚುಚ್ಚುಮದ್ದು ಹತ್ತಿದೆಯಾ ಅಂತ ನೋಡುವ ರಕ್ತ ಪರೀಕ್ಷೆಗೆ ಕಳಿಸಿ, ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಅಂದರೆ ಭಾರತದಿಂದ ಹೊರಡುವ ಹೊತ್ತಿಗೆ ಯಾವ ನಾಯಿಗಾದರೂ ಹತ್ತಿರ ಹತ್ತಿರ ಏಳು ತಿಂಗಳಾಗಿರುತ್ತದೆ. ವಯಸ್ಸಾದ ನಾಯಿ, ಕಿಡ್ನಿ ತೊಂದರೆ ಅಥವಾ ಸಕ್ಕರೆ ಕಾಯಿಲೆ ಇರುವ ನಾಯಿ, ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವ ನಾಯಿಯದ್ದು ಬೇರೆ ಮಾತು. ಅವು ನೀರು ಜಾಸ್ತಿ ಕುಡಿಯುತ್ತವೆ, ಜಾಸ್ತಿ ಹೋಗುತ್ತವೆ. ಅವಕ್ಕೆ ಡೈಪರ್ ಇಲ್ಲದೆ ಆಗದು. ಡಾಕ್ಟರ ಹತ್ತಿರ ಮೊದಲೇ ಮಾತಾಡಿ.

ಪ್ಯಾಡ್ ಕಲಿಸುವುದು

ರಕ್ತ ಪರೀಕ್ಷೆ ಆದ ಮೇಲಿನ ಆ ಮೂರು ತಿಂಗಳು ಸುಮ್ನೆ ಕೈಕಟ್ಟಿ ಕೂರಬೇಡಿ. ಕಲಿಸುವ ಕಾಲ ಅದೇ.

ಬೇಕಾದ್ದು ಒಂದು ಪ್ಯಾಕೆಟ್ ನಾಯಿ ಪ್ಯಾಡ್, ಅಂದರೆ ನಾಯಿ ಒಂದಕ್ಕೆ ಎರಡಕ್ಕೆ ಕೂರುವ ಹಾಸು. ಪೆಟ್ ಶಾಪ್‌ನಲ್ಲಿ ಸಿಗುತ್ತದೆ. ಮೇಲೆ ಬಟ್ಟೆಯಂಥ ಪದರ, ಒಳಗೆ ಮಕ್ಕಳ ಡೈಪರಿನಲ್ಲಿರುವ ಅದೇ ಜೆಲ್, ಕೆಳಗೆ ಪ್ಲಾಸ್ಟಿಕ್. ಶುರು ಮಾಡುವುದು ಪ್ಯಾಡಿನಿಂದಲ್ಲ, ಮಾತಿನಿಂದ. ಪುಟ್ಟಿ ದಿನಾ ಕಾಂಪೌಂಡಿನಲ್ಲಿ ಕರಿಬೇವಿನ ಗಿಡದ ಹತ್ತಿರ ಹೋಗುತ್ತಿದ್ದಳು. ಬೆಳಿಗ್ಗೆ ಅವಳನ್ನು ಬಿಡುತ್ತಿದ್ದದ್ದು ಅಪ್ಪ. ಅವಳು ಕೂತ ಕ್ಷಣವೇ ಅಪ್ಪ "ಸುಸು ಮಾಡು" ಅಂತ ಮೆಲ್ಲಗೆ ಹೇಳಬೇಕು, ಮುಗಿಸಿದ ತಕ್ಷಣ ಅಲ್ಲೇ ಒಂದು ಚೂರು ಪನೀರ್ ಕೊಡಬೇಕು. ಬಾಗಿಲ ಹತ್ತಿರ ಬಂದ ಮೇಲೆ ಕೊಟ್ಟರೆ ನಾಯಿಗೆ ಅದು ಮನೆಗೆ ಬಂದದ್ದಕ್ಕೆ ಸಿಕ್ಕ ಬಹುಮಾನ ಆಗುತ್ತದೆ. ಮೊದಮೊದಲು ಅಪ್ಪನಿಗೆ ಸಂಕೋಚ, ಪಕ್ಕದ ಮನೆಯವರು ಕೇಳಿಸಿಕೊಂಡರೆ ಏನಂದುಕೊಳ್ಳುತ್ತಾರೋ ಅಂತ. ಆಮೇಲೆ ಎಷ್ಟು ಅಭ್ಯಾಸ ಆಯ್ತು ಅಂದರೆ, ಪೇಪರ್ ಓದುತ್ತಾ ತಲೆ ಎತ್ತದೆಯೇ ಹೇಳುತ್ತಿದ್ದರು. ಒಂದೆರಡು ವಾರದಲ್ಲಿ ಆ ಮಾತು ಕೇಳಿದರೆ ಪುಟ್ಟಿ ಜಾಗ ಹುಡುಕಲು ಶುರು ಮಾಡಿದಳು.

ಆಮೇಲೆ ಅದೇ ಜಾಗದಲ್ಲಿ ಪ್ಯಾಡ್ ಹಾಸಿ. ಗಾಳಿಗೆ ಏಳದ ಹಾಗೆ ನಾಲ್ಕು ಮೂಲೆಗೆ ಕಲ್ಲಿಡಿ. ಹೊಸ ಪ್ಯಾಡನ್ನು ನಾಯಿ ಮೂಸಿ ಬಿಟ್ಟುಬಿಡುತ್ತದೆ, ಅದಕ್ಕೆ ಅದರದ್ದೇ ವಾಸನೆ ಬೇಕು. ಬೆಳಗಿನ ಮೊದಲ ಉಚ್ಚೆಯಲ್ಲಿ ಒಂದು ಹತ್ತಿ ಉಂಡೆ ಅದ್ದಿ ಪ್ಯಾಡಿನ ನಡುವೆ ಒರೆಸಿ. ಹೇಸಿಗೆ ಅಂದುಕೊಂಡರೆ ಮುಂದೆ ಹೋಗಲಾಗುವುದಿಲ್ಲ. ಅಲ್ಲಿ ಹೋಗಲು ಶುರುವಾದ ಮೇಲೆ ಪ್ಯಾಡನ್ನು ಕೆಲವು ದಿನಕ್ಕೊಮ್ಮೆ ಸರಿಸುತ್ತಾ ಬನ್ನಿ. ಕಾಂಪೌಂಡಿನಿಂದ ಜಗಲಿಗೆ, ಜಗಲಿಯಿಂದ ಬಾತ್‌ರೂಮಿಗೆ. ಅವಸರ ಬೇಡ. ಒಂದು ಕಡೆ ನಿಂತುಬಿಟ್ಟರೆ ಎರಡು ಹೆಜ್ಜೆ ಹಿಂದಕ್ಕೆ ಹೋಗಿ ಮತ್ತೆ ಬನ್ನಿ.

ಬಾತ್‌ರೂಮಿಗೆ ಬಂದ ಮೇಲೆ ನಿಜವಾದ ಕೆಲಸ. ಬಾಗಿಲು ಹಾಕಿ, ಲೈಟ್ ಹಾಕಿ, ಎಕ್ಸಾಸ್ಟ್ ಫ್ಯಾನ್ ಹಾಕಿ. ಪ್ಯಾಡನ್ನು ಅರ್ಧಕ್ಕೆ ಮಡಚಿ, ವಿಮಾನದ ಟಾಯ್ಲೆಟ್ಟಿನ ನೆಲ ಅಷ್ಟೇ ಇರುತ್ತದೆ. ನೀವು ಗೋಡೆಗೆ ಅಂಟಿಕೊಂಡು ನಿಲ್ಲಿ, ನಾಯಿ ನಿಮ್ಮ ಎರಡು ಕಾಲಿನ ನಡುವೆ. ಇದಾದ ಮೇಲೆ ಬೇರೆಯವರ ಮನೆ. ಬೆಂಗಳೂರಿನ ಚಿಕ್ಕಮ್ಮನ ಫ್ಲಾಟು, ಗೆಳತಿಯ ಮನೆ, ಯಾರು ಒಪ್ಪುತ್ತಾರೋ ಅವರದ್ದು. ಮೂರ್ನಾಲ್ಕು ಬೇರೆ ಬೇರೆ ಬಾತ್‌ರೂಮಿನಲ್ಲಿ ಹೇಳಿದ ಕೂಡಲೇ ಹೋದರೆ ನಾಯಿ ವಿಮಾನಕ್ಕೆ ರೆಡಿ.

ವಿಮಾನದ ಟಾಯ್ಲೆಟ್ಟಿನ ಫ್ಲಶ್ ಗೊತ್ತಲ್ವಾ? ನೀರು ಸುರಿಯುವುದಿಲ್ಲ, ಗಾಳಿ ಎಳೆದುಕೊಳ್ಳುತ್ತದೆ. ಆ ಸದ್ದಿಗೆ ಮನುಷ್ಯರೇ ಬೆಚ್ಚುತ್ತಾರೆ. ಯೂಟ್ಯೂಬಿನಲ್ಲಿ ಆ ಸದ್ದು ಸಿಗುತ್ತದೆ. ಊಟದ ಹೊತ್ತಿಗೆ ಮೊದಲು ತೀರಾ ಮೆಲ್ಲಗೆ, ದಿನ ಕಳೆದಂತೆ ಜೋರಾಗಿ ಕೇಳಿಸಿ. ಎಷ್ಟೇ ಅಭ್ಯಾಸವಾದರೂ ವಿಮಾನದಲ್ಲಿ ನಾಯಿ ಒಳಗಿರುವಾಗ ಫ್ಲಶ್ ಒತ್ತಬೇಡಿ.

ಗಂಡುನಾಯಿಗೆ ಕಾಲೆತ್ತಲು ಏನಾದರೂ ಬೇಕು. ನೀರಿನ ಬಾಟಲಿಗೆ ಇನ್ನೊಂದು ಪ್ಯಾಡ್ ಸುತ್ತಿ, ಹಾಸಿದ ಪ್ಯಾಡಿನ ಮೇಲೆ ನಿಲ್ಲಿಸಿ. ಹುಲ್ಲು ಬಿಟ್ಟು ಬೇರೆ ಕಡೆ ಕಾಲಿಡಲ್ಲ ಅನ್ನುವ ನಾಯಿಗೆ ಪ್ಯಾಡಿನ ಮೇಲೆ ಪ್ಲಾಸ್ಟಿಕ್ ಹುಲ್ಲಿನ ಚಿಕ್ಕ ತುಂಡು ಹಾಕಿ, ಮನೆಯಲ್ಲೂ ಅದನ್ನೇ ಬಳಸಿ.

ಇನ್ನೊಂದು ಮಾತು. ನಮ್ಮ ಕಡೆ ತಪ್ಪು ಜಾಗದಲ್ಲಿ ಹೋದರೆ ಪೇಪರ್ ಸುತ್ತಿ ಬಡಿಯುವ ಪದ್ಧತಿ ಇನ್ನೂ ಇದೆ. ಹಾಗೆ ಹೊಡೆಸಿಕೊಂಡ ನಾಯಿ ಕಲಿಯುವ ಪಾಠ ಒಂದೇ: ಮನುಷ್ಯರ ಎದುರಿಗೆ ಉಚ್ಚೆ ಹೊಯ್ಯಬಾರದು. ಆ ನಾಯಿ ಸೋಫಾ ಹಿಂದೆ ಹೋಗುತ್ತದೆ, ನಿಮ್ಮ ಕಾಲಿನ ನಡುವೆ ಮಾತ್ರ ಹೋಗುವುದಿಲ್ಲ. ಮನೆಯವರಿಗೆಲ್ಲ ಈ ಮಾತು ಮೊದಲೇ ಹೇಳಿಡಿ.

ಬ್ಯಾಗಿನ ಒಳಗೆ

ಕ್ಯಾರಿಯರ್ ಬ್ಯಾಗನ್ನು ತಂದ ದಿನದಿಂದಲೇ ಬಾಯಿ ತೆರೆದು ಮನೆಯಲ್ಲಿಡಿ. ಊಟ ಅದರೊಳಗೆ, ಮಧ್ಯಾಹ್ನದ ನಿದ್ದೆ ಅದರೊಳಗೆ. ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಮಲಗುವ ಜಾಗ ಅಂತ ಒಪ್ಪಿಕೊಂಡರೆ ನಾಯಿ ಅಲ್ಲಿ ಗಲೀಜು ಮಾಡುವುದು ಅಪರೂಪ.

ಹಾಸಿಗೆಯನ್ನು ಮಾತ್ರ ಹುಷಾರಾಗಿ ಮಾಡಿ. ಎಲ್ಲಕ್ಕಿಂತ ಕೆಳಗೆ ಬ್ಯಾಗಿನ ಗಟ್ಟಿ ತಟ್ಟೆ. ಅದರ ಮೇಲೆ ಮಗು ಮಲಗಿಸುವ ರಬ್ಬರ್ ಶೀಟಿನಿಂದ ಅಳತೆಗೆ ಕತ್ತರಿಸಿದ ತುಂಡು, ಅಂಚು ಎರಡು ಬೆರಳು ಮೇಲಕ್ಕೆ ಮಡಚಿರಬೇಕು. ಅದರ ಮೇಲೆ ಪ್ಯಾಡ್. ಮೇಲೆ ಮೆತ್ತಗಿನ ಹಳೇ ಪಂಚೆಯ ತುಂಡು. ಪ್ಯಾಡ್ ಮತ್ತು ಪಂಚೆ ಸೇರಿಸಿ ಇನ್ನೆರಡು ಜೊತೆ ಸುರುಳಿ ಮಾಡಿ ರಬ್ಬರ್ ಬ್ಯಾಂಡ್ ಹಾಕಿಡಿ. ಒದ್ದೆಯಾದರೆ ಹಳೇ ಜೊತೆ ಎಳೆದು ಹೊಸದು ಬಿಚ್ಚಿ ಹಾಸಲು ಅರ್ಧ ನಿಮಿಷ ಸಾಕು. ಸುರುಳಿಗಳು ನಿಮ್ಮ ಕೈಚೀಲದಲ್ಲಿರಲಿ. ಕೌಂಟರಿನಲ್ಲಿ ತೂಕ ಹಾಕುವುದು ನಾಯಿಯ ಬ್ಯಾಗನ್ನು, ಅದರ ಜೇಬಿಗೆ ಸಾಮಾನು ತುಂಬಬೇಡಿ.

ಕೈಚೀಲದಲ್ಲಿ ಇನ್ನೂ ಬೇಕಾದವು: ವಾಸನೆಯಿಲ್ಲದ ವೆಟ್ ವೈಪ್ಸ್, ದಪ್ಪ ಜಿಪ್ ಕವರು, ಕಕ್ಕ ಎತ್ತುವ ಚೀಲ, ತೆಳು ಕೈಗವಸು, ನಿಮಗೇ ಒಂದು ಬದಲಿ ಟಾಪು. ಸ್ಪ್ರೇ ಒಯ್ದರೆ 100 ಎಂಎಲ್ ಬಾಟಲಿ. ಹೊರಡುವ ದಿನ ಬೆಳಿಗ್ಗೆ ಅದ್ದಿಟ್ಟ ಹತ್ತಿ ಉಂಡೆಯೂ ಒಂದು, ಎರಡೆರಡು ಜಿಪ್ ಕವರಿನಲ್ಲಿ. ಸೆಕ್ಯುರಿಟಿಯವರು ಇದೇನು ಅಂತ ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳಿ, ಎರಡನೇ ಪ್ರಶ್ನೆ ಕೇಳುವುದಿಲ್ಲ.

ಡೈಪರ್ ಹಾಕಬೇಕಾ? ಪ್ಯಾಡ್ ಚೆನ್ನಾಗಿ ಕಲಿತ ನಾಯಿಗೆ ಬೇಡ. ಭರವಸೆ ಇಲ್ಲದಿದ್ದರೆ, ಹೆಣ್ಣುನಾಯಿ ಬೆದೆಯಲ್ಲಿದ್ದರೆ ಹಾಕಿ. ಮಕ್ಕಳ ಡೈಪರಿಗೆ ಬಾಲಕ್ಕೊಂದು ತೂತು ಕತ್ತರಿಸಿ ಸುತ್ತ ಟೇಪ್ ಹಚ್ಚಿದರೂ ಆಗುತ್ತದೆ, ಹಚ್ಚದಿದ್ದರೆ ಜೆಲ್ ಹೊರಗೆ ಬರುತ್ತದೆ. ಗಂಡುನಾಯಿಗೆ ಸೊಂಟಕ್ಕೆ ಸುತ್ತುವ ಪಟ್ಟಿ ಸಿಗುತ್ತದೆ. ಎರಡನ್ನೂ ಮನೆಯಲ್ಲಿ ದಿನಾ ಸ್ವಲ್ಪ ಹೊತ್ತು ಹಾಕಿ ರೂಢಿ ಮಾಡಿಸಿ, ಇಲ್ಲದಿದ್ದರೆ ಸೀಟಿನ ಕೆಳಗೆ ಕೂತು ಹತ್ತು ಗಂಟೆ ಅದನ್ನು ಕಚ್ಚುವುದೇ ಕೆಲಸ.

ಊಟ, ನೀರು ಮತ್ತು ನೆಂಟರು

ಹೊರಡುವ ಹಿಂದಿನ ವಾರ ಹೊಸ ತಿಂಡಿ ಯಾವುದೂ ಬೇಡ. ರಾಗಿ ಮುದ್ದೆ ತಿನ್ನುವ ನಾಯಿಯಾದರೆ ಕೊನೆಯ ಎರಡು ದಿನ ಅದನ್ನು ಕಡಿಮೆ ಮಾಡಿ, ನಾರು ಜಾಸ್ತಿಯಾದಷ್ಟೂ ಎರಡಕ್ಕೆ ಜಾಸ್ತಿ. ಮೊಸರನ್ನ ತೆಳ್ಳಗೆ ಕಲಸಿ ಹಾಕುವ ರೂಢಿಯಿದ್ದರೆ ನೀರಿನ ಲೆಕ್ಕಕ್ಕೆ ಅದನ್ನೂ ಸೇರಿಸಿ. ಬೆಳಗಿನ ಜಾವ ಮೂರಕ್ಕೆ ವಿಮಾನ ಅಂತಿಟ್ಟುಕೊಳ್ಳಿ. ಹೊಟ್ಟೆ ತುಂಬ ಊಟ ಮಧ್ಯಾಹ್ನವೇ ಮುಗಿಯಲಿ, ಸಂಜೆ ಆರರ ಹೊತ್ತಿಗೆ ಕಾಲು ಭಾಗ ಸಾಕು. ಊಟವಾದ ಅರ್ಧ ಗಂಟೆಯೊಳಗೆ ಬಹಳ ನಾಯಿಗಳಿಗೆ ಎರಡಕ್ಕೆ ಬರುತ್ತದೆ, ಆಗೊಂದು ಸಲ ನಡೆಸಿ. ಮೈಸೂರಿನಿಂದ ದೇವನಹಳ್ಳಿಗೆ 180 ಕಿಲೋಮೀಟರ್ ಆಸುಪಾಸು. ದಾರಿಯಲ್ಲಿ ಒಂದು ಸಲ ಇಳಿಸಿ, ಏರ್‌ಪೋರ್ಟಿನ ಹೊರಗೆ ಇನ್ನೊಂದು ಸಲ. ಆ ಕೊನೆಯ ಸಲಕ್ಕೆ ಇಪ್ಪತ್ತು ನಿಮಿಷ ಇಟ್ಟುಕೊಳ್ಳಿ. ಬೀಳ್ಕೊಡಲು ಬಂದವರು ಸುತ್ತ ನಿಂತು ಮಾತಾಡುತ್ತಿದ್ದರೆ ನಾಯಿಗೆ ಗಮನ ಬರುವುದಿಲ್ಲ, ಒಬ್ಬರೇ ಕರೆದುಕೊಂಡು ದೂರ ಹೋಗಿ.

ಉಚ್ಚೆ ಬರದಿರಲಿ ಅಂತ ನೀರು ನಿಲ್ಲಿಸುವವರಿದ್ದಾರೆ. ಬೇಡ. ವಿಮಾನದೊಳಗಿನ ಗಾಳಿ ತೀರಾ ಒಣ, ನಾಯಿ ಬೇಗ ಬಳಲುತ್ತದೆ. ಒಂದೇ ಸಲ ಬಟ್ಟಲು ತುಂಬ ಕುಡಿಸುವ ಬದಲು ಗಂಟೆಗೊಮ್ಮೆ ಎರಡು ಗುಟುಕು ಕೊಡಿ. ಗಗನಸಖಿಯರ ಹತ್ತಿರ ಒಂದು ಲೋಟ ಐಸ್ ಕೇಳಿದರೆ ಇನ್ನೂ ಸುಲಭ. ಪುಟ್ಟಿ ಒಂದು ತುಂಡನ್ನು ಕಾಲು ಗಂಟೆ ನೆಕ್ಕಿಕೊಂಡು ಕೂರುತ್ತಾಳೆ, ಚೆಲ್ಲುವ ಭಯವಿಲ್ಲ.

ಇನ್ನು ನೆಂಟರು. ಹೊರಡುವ ಹಿಂದಿನ ದಿನ ಮನೆಗೆ ಬಂದವರೆಲ್ಲ "ಪಾಪ, ಇನ್ಯಾವಾಗ ನೋಡ್ತೀವೋ" ಅಂತ ಒಂದೊಂದು ತುತ್ತು ಹಾಕುತ್ತಾರೆ. ಒಬ್ಬರದ್ದು ರಸ್ಕು, ಒಬ್ಬರದ್ದು ಹೋಳಿಗೆ, ಅಜ್ಜಿಯದ್ದು ಪಾಯಸ. ದೊಡ್ಡವರಿಗೆ ಬೇಡ ಅನ್ನುವುದು ಹೇಗೆ? ನಾನು ಪುಟ್ಟಿಯ ಮಾಮೂಲಿ ತಿಂಡಿಯನ್ನೇ ಒಂದು ಡಬ್ಬಿಯಲ್ಲಿ ಹಾಕಿ ಬಾಗಿಲ ಹತ್ತಿರ ಇಟ್ಟು, "ಅತ್ತೆ, ಕೊಡೋದಾದ್ರೆ ಇದನ್ನೇ ಕೊಡಿ" ಅಂದೆ. ಅವರಿಗೂ ಸಮಾಧಾನ, ಹೊಟ್ಟೆಯೂ ಕೆಡಲಿಲ್ಲ. ಪಾಯಸದ ಒಣದ್ರಾಕ್ಷಿಯಂತೂ ಯಾವತ್ತೂ ಬೇಡ, ದ್ರಾಕ್ಷಿ ನಾಯಿಯ ಕಿಡ್ನಿಗೆ ವಿಷ.

ನಿದ್ದೆ ಮಾತ್ರೆ ವಿಚಾರ ಚಿಕ್ಕದಾಗಿ ಹೇಳಿಬಿಡುತ್ತೇನೆ. ಮೆಡಿಕಲ್ ಶಾಪಿನಿಂದ ನೀವೇ ತಂದು ಕೊಡಬೇಡಿ. ಮಂಪರಿನಲ್ಲಿರುವ ನಾಯಿಗೆ ಬಿಪಿ ಇಳಿಯಬಹುದು, ಉಸಿರಿಗೂ ತೊಂದರೆ. ಪಗ್, ಶಿಟ್ಜು ಥರದ ಚಪ್ಪಟೆ ಮೂಗಿನವಕ್ಕೆ ಅಪಾಯ ಇನ್ನೂ ಜಾಸ್ತಿ. ಮಂಪರಿನಲ್ಲಿದೆ ಅಂತ ಕಂಡರೆ ಏರ್‌ಲೈನಿನವರು ಹತ್ತಿಸಿಕೊಳ್ಳದೇ ಇರಬಹುದು.

ವಿಮಾನದಲ್ಲಿ

ಸೀಟು ನಡುದಾರಿಯ ಪಕ್ಕ ಇರಲಿ. ಮುಂದೆ ಗೋಡೆಯಿರುವ ಸಾಲು ಸಿಗುವುದಿಲ್ಲ, ಅಲ್ಲಿ ಬ್ಯಾಗು ಇಡಲು ಜಾಗವಿಲ್ಲ. ಟಾಯ್ಲೆಟ್ಟಿನಿಂದ ನಾಲ್ಕೈದು ಸಾಲು ದೂರ ಒಳ್ಳೆಯದು, ತೀರಾ ಪಕ್ಕದಲ್ಲಾದರೆ ಬಾಗಿಲಿನ ಸದ್ದಿಗೆ ನಾಯಿ ಮಲಗುವುದಿಲ್ಲ.

ನಾಯಿ ಪ್ರಯಾಣವಿಡೀ ಬ್ಯಾಗಿನೊಳಗೇ ಇರಬೇಕು ಅನ್ನುವುದು ನಿಯಮ. ಹಾಗಾಗಿ ಹತ್ತಿದ ಕೂಡಲೇ ಗಗನಸಖಿಯ ಹತ್ತಿರ ಹೋಗಿ, ನಡುವೆ ಒಂದು ಸಲ ಟಾಯ್ಲೆಟ್ಟಿನೊಳಗೆ ಪ್ಯಾಡ್ ಹಾಸಿ ಕೂರಿಸಬಹುದಾ ಅಂತ ಕೇಳಿ. ಕೇಳದೆ ಒಯ್ದು ಸಿಕ್ಕಿಬೀಳುವುದಕ್ಕಿಂತ ಇದು ವಾಸಿ. ನಮಗೆ "ಹೋಗುವಾಗ ಬರುವಾಗ ಬ್ಯಾಗಿನ ಜಿಪ್ ಹಾಕಿರಲಿ, ನೆಲ ಒರೆಸಿ ಬನ್ನಿ" ಅಂದರು.

ಹೊತ್ತು ಮುಖ್ಯ. ಮೊದಲ ಊಟದ ಟ್ರೇ ಎಲ್ಲ ಎತ್ತಿದ ಮೇಲೆ ಅರ್ಧ ವಿಮಾನ ಟಾಯ್ಲೆಟ್ ಕಡೆ ಹೊರಡುತ್ತದೆ. ಅದು ಕಳೆದು, ಲೈಟ್ ಆರಿಸಿ, ಜನ ಮಲಗಿದ ಮೇಲೆ, ವಿಮಾನ ಹೊರಟು ಸುಮಾರು ಐದಾರು ಗಂಟೆಯಾದಾಗ ಹೋಗಿ. ಎರಡನೇ ಸಲ ಬೇಕಿದ್ದರೆ ಬೆಳಗಿನ ತಿಂಡಿ ಬರುವ ಮುಂಚೆ. ದೊಡ್ಡ ವಿಮಾನಗಳಲ್ಲಿ ಗಾಲಿಕುರ್ಚಿಯವರಿಗಾಗಿ ಒಂದು ಟಾಯ್ಲೆಟ್ ಸ್ವಲ್ಪ ಅಗಲ ಇರುತ್ತದೆ, ಯಾರೂ ಕಾಯುತ್ತಿಲ್ಲ ಅಂದರೆ ಅದನ್ನೇ ಹಿಡಿಯಿರಿ.

ಒಳಗೆ ಹೋದ ಮೇಲೆ ಬ್ಯಾಗನ್ನು ಮುಚ್ಚಿದ ಕಮೋಡಿನ ಮೇಲಿಡಿ. ನೆಲವನ್ನು ಟಿಶ್ಯೂನಿಂದ ಒಮ್ಮೆ ಒಣಗಿಸಿ, ಬೇರೆ ವಾಸನೆಗಳಿದ್ದರೆ ನಾಯಿ ಅದನ್ನೇ ಮೂಸುತ್ತಾ ನಿಲ್ಲುತ್ತದೆ. ಪ್ಯಾಡ್ ಹಾಸಿ, ಹತ್ತಿ ಉಂಡೆ ಒರೆಸಿ, ನಾಯಿಯನ್ನು ಇಳಿಸಿ, ಮಾತು ಹೇಳಿ, ಆಮೇಲೆ ಬಾಯಿ ಮುಚ್ಚಿಕೊಂಡು ನಿಲ್ಲಿ. ಇದೇ ಕಷ್ಟ. ಪುಟ್ಟಿ ಎರಡು ಸುತ್ತು ಹಾಕಿದಳು, ನನ್ನ ಪಾದದ ಮೇಲೆ ನಿಂತಳು, ಸಿಂಕಿನ ಕಡೆ ನೋಡಿದಳು, ಮತ್ತೆ ಸುತ್ತು. ಇಂಜಿನ್ನಿನ ನಡುಕ ಅವಳ ಕಾಲಿಗೆ ಗೊತ್ತಾಗುತ್ತಿತ್ತು, ಒಂದೊಂದೇ ಪಾದ ಎತ್ತಿ ಇಡುತ್ತಿದ್ದಳು. ಹತ್ತು ಸಲ "ಸುಸು, ಸುಸು" ಅಂದರೆ ಅವಳು ನನ್ನ ಮುಖ ನೋಡುತ್ತಾಳೆ ಹೊರತು ಕೆಲಸ ಆಗುವುದಿಲ್ಲ ಅಂತ ಗೊತ್ತಿತ್ತು, ಸುಮ್ಮನಿದ್ದೆ. ಕೊನೆಗೆ ಕೂತಳು, ಬಹಳ ಹೊತ್ತು ಕೂತಳು.

ಐದು ನಿಮಿಷದಲ್ಲಿ ಆಗದಿದ್ದರೆ ವಾಪಸ್ ಬನ್ನಿ, ಒಂದು ಗಂಟೆ ಬಿಟ್ಟು ಮತ್ತೆ ಹೋಗಿ. ಆಯ್ತಾ, ಪ್ಯಾಡನ್ನು ಒಳಮುಖವಾಗಿ ಸುತ್ತಿ ಜಿಪ್ ಕವರಿಗೆ ಹಾಕಿ ಕಸದ ಡಬ್ಬಿಗೆ. ಪ್ಯಾಡು, ವೈಪ್ಸು, ಚೀಲ ಇವನ್ನು ಕಮೋಡಿಗೆ ಹಾಕಬೇಡಿ, ಕಟ್ಟಿಕೊಂಡರೆ ಆ ಟಾಯ್ಲೆಟ್ ಉಳಿದ ಪ್ರಯಾಣಕ್ಕೆ ಬಂದ್. ನೆಲ ಒರೆಸಿ, ನಾಯಿಯನ್ನು ಬ್ಯಾಗಿಗೆ ಹಾಕಿ, ಜಿಪ್ ಎಳೆದು ಬನ್ನಿ.

ಬ್ಯಾಗಿನೊಳಗೇ ಎರಡಕ್ಕೆ ಮಾಡಿಬಿಟ್ಟರೆ ಗಾಬರಿ ಬೇಡ. ವಾಸನೆ ಬರುವ ಮುಂಚೆ ನಾಯಿ ಹೇಳುತ್ತದೆ: ಎದ್ದು ನಿಲ್ಲುತ್ತದೆ, ಜಾಲರಿಗೆ ಮೂಗು ಒತ್ತುತ್ತದೆ, ಏದುಸಿರು ಬಿಡುತ್ತದೆ. ಸೀಟಿನಲ್ಲಿ ಕೂತು ಜಿಪ್ ತೆರೆಯಬೇಡಿ. ಬ್ಯಾಗ್ ಸಮೇತ ಟಾಯ್ಲೆಟ್ಟಿಗೆ ಹೋಗಿ, ಕೈಗವಸು ಹಾಕಿ, ಪಂಚೆ ಮತ್ತು ಪ್ಯಾಡನ್ನು ನಾಲ್ಕು ಮೂಲೆ ಹಿಡಿದು ಗಂಟು ಕಟ್ಟಿ ಎತ್ತಿ. ಹಳೇ ಪಂಚೆ ಅಂದದ್ದು ಅದಕ್ಕೇ, ಬಿಸಾಡಲು ಮನಸ್ಸು ನೋಯುವುದಿಲ್ಲ.

ಇಳಿದ ಮೇಲೆ

ಹೊರಗೆ ಹೋಗಿ ಹುಲ್ಲು ಕಾಣುವವರೆಗೆ ಕಾಯಬೇಡಿ. ಲಗೇಜು ಬರುವ ಹಾಲಿನ ಪಕ್ಕದ ಟಾಯ್ಲೆಟ್ಟಿನಲ್ಲಿ ಇನ್ನೊಂದು ಪ್ಯಾಡ್ ಹಾಸಿ. ಆಮೇಲೆ ಕಸ್ಟಮ್ಸ್‌ನಲ್ಲಿ, ತಂದದ್ದನ್ನು ತೋರಿಸಬೇಕಾದವರ ಕೆಂಪು ಬಾಗಿಲಿಗೇ ಹೋಗಬೇಕು, ನಾಯಿ ತಂದವರು ಹಸಿರು ಬಾಗಿಲಿನಲ್ಲಿ ಹೋಗುವಂತಿಲ್ಲ. ಅಲ್ಲಿ ಚಿಪ್ ಸ್ಕ್ಯಾನ್ ಮಾಡಿ ಕಾಗದ ನೋಡುವಾಗ ಎಷ್ಟು ಹೊತ್ತಾಗುತ್ತದೋ ಹೇಳಲಾಗದು.

ಮೊದಲ ವಾರ ನಿಮ್ಮ ನಿದ್ದೆ ಹೋಯಿತು ಅಂತಲೇ ತಿಳಿಯಿರಿ. ಊರಿನಲ್ಲಿ ಬೆಳಿಗ್ಗೆ ಆರೂವರೆಗೆ ಹೊರಗೆ ಹೋಗುತ್ತಿದ್ದ ನಾಯಿ, ಗಡಿಯಾರ ಹಿಂದಿರುವ ಜರ್ಮನಿಯಲ್ಲಿ ಚಳಿಗಾಲದಲ್ಲಿ ರಾತ್ರಿ ಎರಡು ಗಂಟೆಗೆ ಎಬ್ಬಿಸುತ್ತದೆ, ಬೇಸಿಗೆಯಲ್ಲಾದರೆ ಮೂರು ಗಂಟೆಗೆ. ದಿನಾ ಅರ್ಧರ್ಧ ಗಂಟೆ ಮುಂದೆ ಹಾಕುತ್ತಾ ಬನ್ನಿ. ಆ ಹೊತ್ತಿಗೆ ಕೋಟು ಹಾಕಿಕೊಂಡು ಬೀದಿಗೆ ಇಳಿಯಬೇಕಿಲ್ಲ, ಬಾತ್‌ರೂಮಿನ ಪ್ಯಾಡ್ ಇದೆಯಲ್ಲ. ಹಿಮ ಬಿದ್ದಿದ್ದರೆ ಮೈಸೂರಿನ ನಾಯಿಗೆ ಅದು ನೆಲ ಅಂತಲೇ ಅನಿಸುವುದಿಲ್ಲ. ಪುಟ್ಟಿ ಒಂದು ಕಾಲು ಇಟ್ಟು ನನ್ನ ಕಡೆ ತಿರುಗಿ ನಿಂತುಬಿಟ್ಟಳು. ಹಿಮದ ಮೇಲೇ ಪ್ಯಾಡ್ ಹಾಸಿದೆ, ಹೋದಳು. ಪ್ಯಾಡನ್ನು ದಿನದಿಂದ ದಿನಕ್ಕೆ ಚಿಕ್ಕದಾಗಿ ಮಡಚುತ್ತಾ ಬಂದರೆ ಕೊನೆಗೆ ನಾಯಿ ಹಿಮಕ್ಕೇ ಒಗ್ಗುತ್ತದೆ. ಎರಡಕ್ಕೆ ಮಾಡಿದ್ದನ್ನು ಇಲ್ಲಿ ನೀವೇ ಎತ್ತಬೇಕು, ಬಹಳ ಪಾರ್ಕುಗಳಲ್ಲಿ ಅದಕ್ಕೆ ಚೀಲವನ್ನೂ ಪುಕ್ಕಟೆ ಇಟ್ಟಿರುತ್ತಾರೆ.

ಹೊರಗೆ ಹೋಗುವುದು ರೂಢಿಯಾಯ್ತು ಅಂತ ಪ್ಯಾಡನ್ನು ಪೂರ್ತಿ ಬಿಡಿಸಬೇಡಿ. ವಾರಕ್ಕೊಮ್ಮೆ, ಮಳೆ ಬರುವ ದಿನ ನೋಡಿಕೊಂಡು, ಬಾತ್‌ರೂಮಿನಲ್ಲಿ ಬಾಗಿಲು ಹಾಕಿ ಅದೇ ಮಾತು ಹೇಳಿ ಕೂರಿಸಿ. ಮುಂದಿನ ಟಿಕೆಟ್ ತೆಗೆದಾಗ ಮೊದಲಿನಿಂದ ಶುರು ಮಾಡುವ ಕೆಲಸ ಇರುವುದಿಲ್ಲ.